ಲಾಗ್ ಬುಕ್ಕಿನಲ್ಲಿ ಬರೆಯದ ದಿನಗಳು: ಕರಾವಳಿಯ ಇಬ್ಬರು ಸಂಸದರಿಗೆ ಬಹಿರಂಗ ಪತ್ರ

ಉಡುಪಿ-ಚಿಕ್ಕಮಗಳೂರು ಹಾಗೂ ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರಗಳ ಮಾನ್ಯ ಸಂಸದರಿಗೆ,

ವಿಷಯ: ಪೈಲಟ್ ತರಬೇತಿ ಶಾಲೆಗಳ ಮುಂಗಡ ಶುಲ್ಕ ಮತ್ತು ತರಬೇತಿಯ ವಿಳಂಬದ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಕೇಳುವಂತೆ ಕೋರಿಕೆ

ಮಾನ್ಯರೇ,

ನಾನು ಬ್ರಹ್ಮಾವರದ ಹತ್ತಿರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ನಮ್ಮವರದು ಪೇಟೆಯಲ್ಲಿ ಸಣ್ಣದೊಂದು ಜಿನಸಿನ ಅಂಗಡಿ. ನಮಗೆ ಒಬ್ಬಳೇ ಮಗಳು. ಕಳೆದ ವರ್ಷ ಅವಳ ಕೈಗೆ ವಾಣಿಜ್ಯ ಪೈಲಟ್ ಲೈಸೆನ್ಸ್ ಬಂದಿದೆ. ಲೈಸೆನ್ಸ್ ಬಂದಾಯಿತಲ್ಲ, ಇನ್ನೇಕೆ ಪತ್ರ ಎಂದು ಮನೆಯಲ್ಲೂ ಕೇಳಿದರು.

ಡಿಸೆಂಬರಿನಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ-ತಾಯಿ ಬಂದಿದ್ದರು. ಆ ತಾಯಿ ಸೆರಗಿನೊಳಗಿನಿಂದ ಬಣ್ಣದ ಒಂದು ಪುಸ್ತಿಕೆ ತೆಗೆದು ನನ್ನ ಕೈಗಿಟ್ಟರು. ನೀಲಿ ಆಕಾಶ, ಬಿಳಿ ಅಂಗಿ ತೊಟ್ಟ ನಗುಮುಖದ ಮಕ್ಕಳು, ಹಿಂದೆ ಸಾಲಾಗಿ ನಿಂತ ಪುಟ್ಟ ವಿಮಾನಗಳು. ಶಾಲೆ ಬೇರೆ, ಚಿತ್ರ ಅದೇ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಊಟದ ಮೇಜಿನ ಮೇಲೆಯೂ ಇಂಥದ್ದೇ ಪುಸ್ತಿಕೆ ಇತ್ತು. “ಟೀಚರ್, ಮಾರ್ಚ್ ಕೊನೆಗೆ ಮೊದಲ ಕಂತು ಕಟ್ಟಬೇಕಂತೆ. ಕಟ್ಟಬಹುದಾ?” ಎಂದು ಅವರು ಕೇಳಿದರು. ಹೌದು ಎನ್ನಲೂ ಬೇಡ ಎನ್ನಲೂ ನನಗೆ ಬಾಯಿ ಬರಲಿಲ್ಲ. ಆ ರಾತ್ರಿಯೇ ಈ ಪತ್ರ ಬರೆಯಲು ಕುಳಿತೆ.

ಅಧಿವೇಶನ ನಡೆಯುವಾಗಲೆಲ್ಲ ನೀವಿಬ್ಬರೂ ವಿಮಾನ ಹತ್ತಿ ದೆಹಲಿಗೆ ಹೋಗುವವರು. ಮುಂದೆ ಕುಳಿತು ಆ ವಿಮಾನ ನಡೆಸುವ ಯುವಕನೋ ಯುವತಿಯೋ ಅಲ್ಲಿಯವರೆಗೆ ಬಂದ ದಾರಿ ಹೇಗಿರುತ್ತದೆ ಎಂಬುದನ್ನು ಮೊದಲು ನಿಮ್ಮ ಮುಂದೆ ಇಡುತ್ತೇನೆ. ಈ ದಾರಿ ಗೊತ್ತಿಲ್ಲದೆ ನನ್ನ ದೂರು ಅರ್ಥವಾಗುವುದಿಲ್ಲ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಎರಡನೇ ದರ್ಜೆಯ ವೈದ್ಯಕೀಯ ತಪಾಸಣೆ ಮುಗಿಸಿ, ಆಮೇಲೆ ಇನ್ನೂ ಕಟ್ಟುನಿಟ್ಟಾದ ಮೊದಲ ದರ್ಜೆಯ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಅದಕ್ಕಾಗಿ ನಾವು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದೆವು. ವಾಯುಯಾನದ ನಿಯಮಗಳು, ಹವಾಮಾನ, ನ್ಯಾವಿಗೇಷನ್, ವಿಮಾನದ ತಾಂತ್ರಿಕ ವಿಷಯಗಳು, ಹೀಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನಡೆಸುವ ಪತ್ರಿಕೆಗಳಲ್ಲಿ ಶೇ. 70 ಅಂಕ ಬರಬೇಕು. ರೇಡಿಯೋದಲ್ಲಿ ನಿಯಂತ್ರಣ ಕೊಠಡಿಯೊಂದಿಗೆ ಮಾತಾಡುವುದಕ್ಕೆ ಬೇರೆಯೇ ಪರೀಕ್ಷೆ. ಇವೆಲ್ಲ ಮಗಳಿಗೆ ಕಷ್ಟವಾಗಲಿಲ್ಲ. ಓದುವ ಹುಡುಗಿ, ಓದಿ ಮುಗಿಸಿದಳು.

ಉಳಿದದ್ದು ಹಾರಾಟ. ಒಟ್ಟು 200 ಗಂಟೆ. ಅದರಲ್ಲಿ 100 ಗಂಟೆ ತಾನೇ ಪೂರ್ಣ ಹೊಣೆ ಹೊತ್ತು ಹಾರಿಸಿರಬೇಕು. 20 ಗಂಟೆ ಊರಿಂದೂರಿಗೆ ಹೋಗಿರಬೇಕು, ಅದರಲ್ಲೊಂದು ಪಯಣ 300 ನಾಟಿಕಲ್ ಮೈಲಿನದ್ದು, ಅಂದರೆ ಸುಮಾರು 555 ಕಿಲೋಮೀಟರಿನದ್ದು, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದಿರಬೇಕು. ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ 10 ಗಂಟೆ, ರಾತ್ರಿ 5 ಗಂಟೆ. ಈ ಗಂಟೆಗಳು ಅರ್ಜಿ ಹಾಕುವ ಹಿಂದಿನ ಐದು ವರ್ಷಗಳ ಒಳಗಿನವಾಗಿರಬೇಕು. ಹೊಣೆ ಹೊತ್ತು ಹಾರಿಸಿದ್ದರಲ್ಲಿ 15 ಗಂಟೆಯಂತೂ ಕೊನೆಯ ಆರು ತಿಂಗಳೊಳಗಿನದೇ ಇರಬೇಕು. ಈ ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ, ಗೌರವವಿದೆ. ಕೈ ಪಳಗಿರಬೇಕು, ಪಳಗಿದ ಕೈ ತುಕ್ಕು ಹಿಡಿಯಬಾರದು ಎಂಬ ವಿವೇಕ ಅದರಲ್ಲಿದೆ.

ಆದರೆ ಈ ವಿವೇಕವೆಲ್ಲ ವಿದ್ಯಾರ್ಥಿಯ ಮೇಲೆ ಮಾತ್ರ ಚಲಾವಣೆಯಾಗುತ್ತದೆ. ಹಾರಬೇಕಾದವರಿಗೆ ಲೆಕ್ಕವಿದೆ, ಹಾರಿಸಬೇಕಾದವರಿಗೆ ಲೆಕ್ಕವಿಲ್ಲ. ನನ್ನ ದೂರು ಇದೊಂದೇ.

2022ರ ಆಗಸ್ಟಿನಲ್ಲಿ ನಾವು ಮಗಳನ್ನು ಹೊರರಾಜ್ಯದ ಒಂದು ತರಬೇತಿ ಶಾಲೆಗೆ ಸೇರಿಸಿದೆವು. ಆ ಶಾಲೆಯ ಹೆಸರನ್ನು ನಾನು ಬರೆಯುವುದಿಲ್ಲ. ನನ್ನ ಮಗಳು ಹೊರಬಂದಿದ್ದಾಳೆ, ಆದರೆ ಅವಳ ಜೊತೆಗಿದ್ದವರು ಕೆಲವರು ಇನ್ನೂ ಅಲ್ಲೇ ಇದ್ದಾರೆ. ಅವರ ಹಾರಾಟ ಇನ್ನೂ ಆ ಶಾಲೆಯವರ ಕೈಯಲ್ಲಿದೆ. ಶುಲ್ಕ 45 ಲಕ್ಷ ರೂಪಾಯಿ. ಅವಧಿ 14 ತಿಂಗಳು ಎಂದು ಬಾಯಲ್ಲೂ ಹೇಳಿದರು, ಪುಸ್ತಿಕೆಯಲ್ಲೂ ಅಚ್ಚಾಗಿತ್ತು. ನಾವು ಸಹಿ ಹಾಕಿದ ಒಪ್ಪಂದದಲ್ಲಿ ಮಾತ್ರ ಆ 14 ಎಂಬ ಅಂಕಿ ಎಲ್ಲಿಯೂ ಇರಲಿಲ್ಲ. ಕಟ್ಟಿದ ಹಣ ಹಿಂದಿರುಗುವುದಿಲ್ಲ ಎಂಬ ಸಾಲು ಇತ್ತು. ಮೊದಲ ಎಂಟು ತಿಂಗಳಲ್ಲಿ ನಾಲ್ಕು ಕಂತುಗಳಲ್ಲಿ ಪೂರ್ತಿ ಹಣ ಕಟ್ಟಿದೆವು. ಆಗ ಅವಳು ಹಾರಿದ್ದು 39 ಗಂಟೆ.

10 ಲಕ್ಷ ನಮ್ಮ ಉಳಿತಾಯ ಮತ್ತು ನನ್ನ ಬಂಗಾರ. ಉಳಿದ 35 ಲಕ್ಷಕ್ಕೆ ನಮ್ಮವರ ಪಾಲಿಗೆ ಬಂದಿದ್ದ ನಲವತ್ತು ಸೆಂಟ್ಸ್ ಜಾಗ, ಅದರಲ್ಲಿರುವ ಮನೆ, ತೆಂಗಿನ ಮರಗಳ ಸಮೇತ ಬ್ಯಾಂಕಿಗೆ ಅಡವು ಹೋಯಿತು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ನಮ್ಮ ಅವಳಿ ಜಿಲ್ಲೆಗಳನ್ನು ಬ್ಯಾಂಕುಗಳ ತವರು ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಆ ತವರಿನ ಮಗಳಾಗಿ ನಾನು ಪತ್ರಕ್ಕೆ ಸಹಿ ಹಾಕಿದಾಗ ಕೈ ನಡುಗಿದ್ದು ಈಗಲೂ ನೆನಪಿದೆ.

ಆಮೇಲೆ ಶುರುವಾಯಿತು ಕಾಯುವಿಕೆ.

ಅವಳ ಲಾಗ್ ಬುಕ್ ಈಗ ನನ್ನ ಎದುರು ತೆರೆದಿದೆ. ಪ್ರತಿ ಹಾರಾಟಕ್ಕೂ ಒಂದು ಸಾಲು: ದಿನಾಂಕ, ವಿಮಾನದ ನೋಂದಣಿ ಸಂಖ್ಯೆ, ಹೊರಟ ಸಮಯ, ಇಳಿದ ಸಮಯ, ಬೋಧಕರ ಸಹಿ. 2023ರ ಜುಲೈ ತಿಂಗಳಲ್ಲಿ ಎರಡು ಸಾಲು ಇವೆ. 12ರಂದು 1 ಗಂಟೆ 5 ನಿಮಿಷ, 28ರಂದು 55 ನಿಮಿಷ. ಆಗಸ್ಟ್ ಇಲ್ಲವೇ ಇಲ್ಲ. ಜುಲೈ 28ರ ಕೆಳಗಿನ ಸಾಲೇ ಸೆಪ್ಟೆಂಬರ್ 9. ನಡುವಿನ ನಲವತ್ತೆರಡು ದಿನ ಆ ಪುಸ್ತಕದಲ್ಲಿ ಒಂದು ಗೆರೆಯ ಅಗಲವನ್ನೂ ಆಕ್ರಮಿಸಿಲ್ಲ. ಪುಸ್ತಕ ಬಿಡಿಸಿ ನೋಡಿದ ಅಧಿಕಾರಿಗೆ ಅಲ್ಲಿ ಏನೂ ತಪ್ಪು ಕಾಣುವುದಿಲ್ಲ, ಏಕೆಂದರೆ ಹಾರದ ದಿನವನ್ನು ಬರೆಯುವುದಕ್ಕೆ ಅದರಲ್ಲಿ ಜಾಗವಿಲ್ಲ. ಸೆಪ್ಟೆಂಬರ್ 9ರಂದು ಅವಳು ಒಬ್ಬಳೇ ಹಾರಲಿಲ್ಲ. ಇಷ್ಟು ದಿನ ಬಿಟ್ಟಿದ್ದರಿಂದ ಮತ್ತೆ ಬೋಧಕರ ಜೊತೆ ಹಾರಿ, ಇಳಿಸುವುದು ಮರೆತಿಲ್ಲವೆಂದು ತೋರಿಸಬೇಕಿತ್ತು. ಅದು ಸರಿಯಾದ ಕ್ರಮವೇ. ಆದರೆ ಕೂರಿಸಿದವರು ಅವರು, ಮರೆತದ್ದನ್ನು ಮತ್ತೆ ಕಲಿಯುವ ಗಂಟೆಗೆ ಹಣ ತೆತ್ತವರು ನಾವು.

ಮಳೆಗಾಲ ತಾನೇ ಎಂದು ನೀವು ಕೇಳಬಹುದು. ಕರಾವಳಿಯವಳಿಗೆ ಮಳೆ ಗೊತ್ತಿಲ್ಲವೇ? ಆಟಿ ತಿಂಗಳಲ್ಲಿ ಪುಟ್ಟ ವಿಮಾನ ಹಾರಬೇಕೆಂದು ನಾನು ಹೇಳುವುದಿಲ್ಲ. ಅದಕ್ಕೇ ಡಿಸೆಂಬರಿನ ಮಾತು ಹೇಳುತ್ತೇನೆ.

2023ರ ಡಿಸೆಂಬರಿನಲ್ಲಿ ಉತ್ತರಪತ್ರಿಕೆ ತಿದ್ದುವುದನ್ನು ಮುಗಿಸಿ ನಾನೇ ಅಲ್ಲಿಗೆ ಹೋದೆ. ಎರಡು ರೈಲು ಬದಲಿಸಿ, ಚೀಲದಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿ. ಅವಳು ಬೆಳಗ್ಗೆ ಐದಕ್ಕೆ ಎದ್ದು ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಕಾಲರಿನ ಒಳಬದಿಯಲ್ಲಿ ನೂಲು ಎದ್ದಿತ್ತು, ಅದನ್ನು ಬ್ಲೇಡಿನಿಂದ ಕತ್ತರಿಸಿದಳು. ಭುಜಕ್ಕೆ ಪಟ್ಟಿ ಸಿಕ್ಕಿಸಿ ಆರೂವರೆಗೆ ಹೊರಟಳು. ಸಂದರ್ಶಕರಿಗೆ ಕೂರಲು ಕೊಟ್ಟ ಬೆಂಚಿನಿಂದ ಒಳಗಿನ ಬಿಳಿ ಹಲಗೆ ಕಾಣುತ್ತಿತ್ತು. ಆ ದಿನದ ಸಾರ್ಟಿಗಳ ಪಟ್ಟಿ ಅದರ ಮೇಲೆ ಇರುತ್ತದೆ, ಒಂದು ಸಲದ ಹಾರಾಟವನ್ನು ಅಲ್ಲಿ ಸಾರ್ಟಿ ಎನ್ನುತ್ತಾರೆ. ಮಗಳ ಹೆಸರು ಏಳನೆಯದು. ಆಕಾಶ ತೊಳೆದಿಟ್ಟ ಹಾಗಿತ್ತು, ಗಾಳಿ ಇರಲಿಲ್ಲ. ಹನ್ನೊಂದಕ್ಕೆ ಒಬ್ಬರು ಬಂದು ಒರೆಸುವ ಬಟ್ಟೆಯಿಂದ ಐದನೆಯ ಹೆಸರಿನಿಂದ ಕೆಳಗೆ ಎಲ್ಲವನ್ನೂ ಅಳಿಸಿದರು. ವಿಮಾನದಲ್ಲಿ ಏನೋ ದೋಷವಂತೆ. ಒಳಗಿದ್ದ ಮಕ್ಕಳಲ್ಲಿ ಯಾರೂ ತಲೆ ಎತ್ತಿ ಏಕೆ ಎಂದು ಕೇಳಲಿಲ್ಲ. ಸಂಜೆ ಐದರ ತನಕ ಅವರು ಅಲ್ಲೇ ಕುಳಿತಿರಬೇಕು, ಅದು ನಿಯಮ. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಅವಳ ಹೆಸರು ಬರೆಯಲೇ ಇಲ್ಲ. ಮೂರು ದಿನ ಇಸ್ತ್ರಿ ಹಾಕಿದ ಅಂಗಿ ಮೂರು ದಿನವೂ ಬೆನ್ನಿನ ಬದಿ ಮಾತ್ರ ಮುದುಡಿ ಹಿಂದಿರುಗಿತು.

ನಾನು ಗಣಿತದವಳು. ಆ ಬೆಂಚಿನ ಮೇಲೆ ಕುಳಿತು ಕೈಚೀಲದಲ್ಲಿದ್ದ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅಲ್ಲಿದ್ದದ್ದು ನಾಲ್ಕು ವಿಮಾನ, ಹಾರುವ ಸ್ಥಿತಿಯಲ್ಲಿ ಸಾಮಾನ್ಯವಾಗಿ ಎರಡು. ದಿನಕ್ಕೆ ಒಂದೊಂದು ಐದು ಗಂಟೆ ಹಾರಿತು, ತಿಂಗಳಲ್ಲಿ ಇಪ್ಪತ್ತೈದು ದಿನ ಹವೆ ಚೆನ್ನಾಗಿತ್ತು ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ತಿಂಗಳಿಗೆ 250 ಗಂಟೆ ಆಯಿತು. ವಿದ್ಯಾರ್ಥಿಗಳು ಎಪ್ಪತ್ತು ಮಂದಿ. ಒಬ್ಬರಿಗೆ ತಿಂಗಳಿಗೆ ಮೂರೂವರೆ ಗಂಟೆ. 200 ಗಂಟೆಗೆ 57 ತಿಂಗಳು, ಅಂದರೆ ನಾಲ್ಕೂಮುಕ್ಕಾಲು ವರ್ಷ. ಐದು ವರ್ಷದೊಳಗಿನ ಗಂಟೆಗಳೇ ಲೆಕ್ಕಕ್ಕೆ ಎಂಬ ನಿಯಮದ ಅಂಚಿಗೆ ಬಂದು ನಿಂತ ಹಾಗೆ. 14 ತಿಂಗಳು ಎಂದು ಅಚ್ಚು ಹಾಕಿಸಿದವರಿಗೆ ಈ ಭಾಗಾಕಾರ ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ಎಂಟನೇ ತರಗತಿಯ ಮಗು ಮಾಡುವ ಲೆಕ್ಕ ಇದು. ಹಣ ಕಟ್ಟುವ ಮೊದಲು ನಾನೇ ಇದನ್ನು ಮಾಡಬಹುದಿತ್ತು, ಯಾರಾದರೂ ಆ ಮೂರು ಅಂಕಿಗಳನ್ನು ನನಗೆ ಕೊಟ್ಟಿದ್ದರೆ. ಹಾರುವ ವಿಮಾನ ಎಷ್ಟು, ಬೋಧಕರು ಎಷ್ಟು, ಸೇರಿಕೊಂಡ ಮಕ್ಕಳು ಎಷ್ಟು ಎಂದು ಬರೆದ ಒಂದು ಹಾಳೆ ಆ ಪುಸ್ತಿಕೆಯಲ್ಲಿ ಇರಲಿಲ್ಲ.

ಬೇಸತ್ತ ಕೆಲವರು ಕಟ್ಟಿದ ಹಣ ಬಿಟ್ಟು ಹೋದರು. ಕೊನೆಯ ವರ್ಷ ಇನ್ನೊಂದು ವಿಮಾನ ಬಂತು. ಹಾಗಾಗಿ ಮಗಳ 200 ಗಂಟೆ 2025ರ ಮಾರ್ಚಿನಲ್ಲಿ, 31 ತಿಂಗಳಿಗೆ ಮುಗಿಯಿತು. ಹೇಳಿದ್ದಕ್ಕಿಂತ 17 ತಿಂಗಳು ಹೆಚ್ಚು. ಆ 17 ತಿಂಗಳ ಬಡ್ಡಿಯೇ ನಮಗೆ 5 ಲಕ್ಷ ದಾಟಿದೆ. ಹಾಸ್ಟೆಲು, ಊಟ ಬೇರೆ. ಶಿಕ್ಷಣ ಸಾಲದ ಕಂತು ಕೋರ್ಸು ಮುಗಿದು ಒಂದು ವರ್ಷದ ಬಳಿಕ ಶುರುವಾಗಬೇಕು. ಬ್ಯಾಂಕಿನ ಕಡತದಲ್ಲಿ ಕೋರ್ಸು 14 ತಿಂಗಳದ್ದು. ಹಾಗಾಗಿ 2024ರ ಅಕ್ಟೋಬರಿನಲ್ಲೇ ತಿಂಗಳಿಗೆ 50 ಸಾವಿರದ ಹತ್ತಿರದ ಕಂತಿನ ನೋಟಿಸು ಮನೆಗೆ ಬಂತು. ಆ ದಿನ ಮಗಳ ಲಾಗ್ ಬುಕ್ಕಿನಲ್ಲಿ ಇದ್ದದ್ದು 138 ಗಂಟೆ. ಮ್ಯಾನೇಜರು ಒಳ್ಳೆಯವರು, ಕೂರಿಸಿ ಮಾತಾಡಿದರು. “ಟೀಚರೇ, ಕೋರ್ಸು ಮುಗಿದಿಲ್ಲ ಎಂದು ಶಾಲೆಯಿಂದ ಒಂದು ಪತ್ರ ತನ್ನಿ” ಎಂದರು. ಆ ಪತ್ರ ಬರಲೇ ಇಲ್ಲ. ತಡವಾಗಿದೆ ಎಂದು ತಾವೇ ಬರೆದು ಕೊಡುವ ಶಾಲೆ ಎಲ್ಲಿದೆ?

ದುಡ್ಡಿನ ಮಾತು ಇಷ್ಟು ಸಾಕು. ಅದಕ್ಕಿಂತ ದೊಡ್ಡದೊಂದು ಇದೆ, ಅದಕ್ಕಾಗಿಯೇ ನಾನು ಗ್ರಾಹಕರ ನ್ಯಾಯಾಲಯಕ್ಕೆ ಹೋಗದೆ ನಿಮಗೆ ಬರೆಯುತ್ತಿದ್ದೇನೆ.

ಆ ಮೂರನೆಯ ದಿನ ನಾನು ಕಚೇರಿಗೆ ಹೋಗಿ ವಿಚಾರಿಸುತ್ತೇನೆ ಎಂದು ಎದ್ದಾಗ ಮಗಳು ಹೊರಗೆ ಓಡಿ ಬಂದು ನನ್ನ ಕೈ ಹಿಡಿದಳು. “ಅಮ್ಮಾ, ನೀನು ಏನೂ ಕೇಳಬೇಡ. ಕೇಳಿದರೆ ನಾಳೆಯಿಂದ ಹಲಗೆಯಲ್ಲಿ ನನ್ನ ಹೆಸರೇ ಇರುವುದಿಲ್ಲ” ಎಂದಳು. ಹಿಂದಿನ ತಿಂಗಳು ಒಬ್ಬ ಹುಡುಗ ಎಲ್ಲರೆದುರು ತನ್ನ ಸರದಿ ಯಾವಾಗ ಎಂದು ಕೇಳಿದ್ದನಂತೆ, ಎರಡು ವಾರ ಅವನ ಹೆಸರು ಏರಲಿಲ್ಲವಂತೆ. ಇಪ್ಪತ್ತು ವರ್ಷದ ಹುಡುಗಿಯ ಕೈ ಅಷ್ಟು ತಣ್ಣಗಿತ್ತು. ನಾನು ಕೇಳಲಿಲ್ಲ. ಬೆಂಚಿನ ಮೇಲೆ ಕುಳಿತೆ, ಸಂಜೆ ರೈಲು ಹತ್ತಿದೆ. ತರಗತಿಯಲ್ಲಿ ಮಕ್ಕಳಿಗೆ ಅರ್ಥವಾಗದಿದ್ದರೆ ಎದ್ದು ನಿಂತು ಕೇಳಿ ಎಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಾ ಬಂದವಳು ನಾನು. ಅಂದು ಸುಮ್ಮನಿದ್ದುದಕ್ಕೆ ಇಂದಿಗೂ ನನಗೆ ನಿದ್ದೆಯಲ್ಲಿ ಎಚ್ಚರವಾಗುತ್ತದೆ.

ಏಕೆಂದರೆ ನಾವು ಬಜ್ಪೆಯ, ಅಂದರೆ ಮಂಗಳೂರು ವಿಮಾನ ನಿಲ್ದಾಣದ, ನೆರೆಯವರು. 2010ರ ಮೇ 22ರ ಬೆಳಗನ್ನು ಈ ಎರಡು ಜಿಲ್ಲೆಗಳಲ್ಲಿ ಯಾರೂ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದಿತು. 166 ಮಂದಿಯಲ್ಲಿ ಬದುಕಿದವರು 8. ಕೂಳೂರಿನ ಬಳಿ ಹೊಳೆಯ ದಂಡೆಯಲ್ಲಿ ಆ 158 ಮಂದಿಯ ಸ್ಮಾರಕವಿದೆ. ತನಿಖಾ ವರದಿ ಏನು ಹೇಳಿತು ಎಂಬುದು ನಿಮಗೂ ತಿಳಿದಿದೆ. ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ ಬಂತು. 2,450 ಮೀಟರಿನ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ನೆಲ ಮುಟ್ಟಿತು. ಪಕ್ಕದಲ್ಲಿದ್ದ ಸಹ ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂಬ ಅರ್ಥದಲ್ಲಿ ಮೂರು ಸಲ ‘ಗೋ ಅರೌಂಡ್’ ಎಂದಿದ್ದರು. ಅದು ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿದೆ. ಅವರ ಮಾತು ನಡೆಯಲಿಲ್ಲ, ನಿಯಂತ್ರಣವನ್ನು ಅವರು ತಮ್ಮ ಕೈಗೆ ತೆಗೆದುಕೊಳ್ಳಲೂ ಇಲ್ಲ.

ಆ ಬೆಳಗ್ಗೆ ಟಿವಿಯ ಮುಂದೆ ಕುಳಿತಿದ್ದ ಮಗಳಿಗೆ ಏಳು ವರ್ಷ. ಹನ್ನೆರಡು ವರ್ಷದ ಮೇಲೆ ಅವಳು ಪೈಲಟ್ ಆಗುತ್ತೇನೆ ಎಂದಾಗ ಅವಳ ಅಜ್ಜಿ ಎರಡು ದಿನ ಊಟ ಬಿಟ್ಟರು, ನೆನಪಾದದ್ದು ಅದೇ ಕಣಿವೆ. “ಅಜ್ಜೀ, ಬಜ್ಪೆಯಲ್ಲಿ ಇಳಿಸಲು ಚೆನ್ನಾಗಿ ಕಲಿತವರು ಬೇಕಲ್ಲ, ನಾನು ಕಲಿಯುತ್ತೇನೆ” ಎಂದು ಅವಳು ಒಪ್ಪಿಸಿದ್ದಳು.

ಹಿರಿಯರು ತಪ್ಪಿದಾಗ ಕಿರಿಯರು ಗಟ್ಟಿಯಾಗಿ ಹೇಳಬೇಕು, ಹೇಳಿದ್ದನ್ನು ಹಿರಿಯರು ಕೇಳಬೇಕು ಎಂಬುದನ್ನು ಇಂದು ವಿಮಾನಯಾನದಲ್ಲಿ ಪಾಠವಾಗಿಯೇ ಕಲಿಸುತ್ತಾರೆ. ನನ್ನ ಮಗಳ ಪುಸ್ತಕದಲ್ಲೂ ಆ ಅಧ್ಯಾಯ ಇತ್ತು, ಅಡಿಗೆರೆ ಹಾಕಿ ಓದಿದ್ದಾಳೆ. ಆದರೆ ಮಾನ್ಯರೇ, ನನ್ನ ಸರದಿ ಯಾವಾಗ ಎಂದು ಕೇಳಲೂ ಹೆದರಿ 31 ತಿಂಗಳು ಬಾಯಿ ಮುಚ್ಚಿ ಕುಳಿತ ಮಗು, ನಾಳೆ ಹಿರಿಯ ಕ್ಯಾಪ್ಟನ್ನರ ಪಕ್ಕದಲ್ಲಿ ಕುಳಿತು, ಕೆಲವೇ ಸೆಕೆಂಡುಗಳಿರುವಾಗ, ಬೇಡ ಎಂದು ಗಟ್ಟಿಯಾಗಿ ಹೇಳುವ ಧೈರ್ಯವನ್ನು ಎಲ್ಲಿಂದ ತರಬೇಕು? ಹಾರಾಟದ ಜೊತೆಗೆ ಆ ಶಾಲೆಗಳು ದಿನವೂ ಕಲಿಸುತ್ತಿರುವುದು ಮೌನವನ್ನು. ಹಿಂದೆ ಕುಳಿತು ಪ್ರಯಾಣಿಸುವವರು ನಾವೆಲ್ಲ.

ಗಂಟೆ ಸಿಗದ ಕಡೆ ಇನ್ನೊಂದು ಕೇಡೂ ಹುಟ್ಟುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರು, ಹಾರದೆಯೇ ಹಾರಾಟದ ಗಂಟೆ ಬರೆಸಿಕೊಂಡವರು ಸಿಕ್ಕಿಬಿದ್ದದ್ದನ್ನು ದೇಶವೇ ಓದಿತು. ಅಂಥವರನ್ನು ಶಿಕ್ಷಿಸಬೇಕು, ಎರಡು ಮಾತಿಲ್ಲ. ಆದರೆ ಹಣ ಪೂರ್ತಿ ಪಡೆದು, ವಿಮಾನ ಕೊಡದೆ, ಮಕ್ಕಳನ್ನು ವರ್ಷಗಟ್ಟಲೆ ಕೂರಿಸುವ ವ್ಯವಸ್ಥೆಯಲ್ಲಿ ಪ್ರಾಮಾಣಿಕರಿಗೆ ಸಿಗುವುದು ಬಡ್ಡಿ ಮಾತ್ರ ಎಂಬುದನ್ನೂ ಯಾರಾದರೂ ನೋಡಬೇಕು.

ದೇಶಕ್ಕೆ ಪೈಲಟ್‌ಗಳು ಬೇಡವೇ? ಮುಂದಿನ 15-20 ವರ್ಷಗಳಲ್ಲಿ 30,000 ಪೈಲಟ್‌ಗಳು ಬೇಕಾಗುತ್ತಾರೆ ಎಂದು ನಾಗರಿಕ ವಿಮಾನಯಾನ ಸಚಿವರೇ ಹೇಳಿದ್ದಾರೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ, ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿ ಸಿದ್ಧರಿಲ್ಲದೆ ಸಾವಿರಾರು ವಿಮಾನಗಳು ರದ್ದಾದವು. ಮದುವೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ನಿಲ್ದಾಣದ ನೆಲದ ಮೇಲೆ ಮಲಗಿದ್ದನ್ನು ನೋಡಿದೆವು. ಅದೇ ವಾರ ನನ್ನ ಮಗಳು ಲೈಸೆನ್ಸ್ ಇಟ್ಟುಕೊಂಡು ಮನೆಯಲ್ಲಿದ್ದಳು. ದೊಡ್ಡ ವಿಮಾನದ ತರಬೇತಿಗೆ ಇನ್ನೂ 15 ಲಕ್ಷಕ್ಕೆ ಮೇಲೆ ಬೇಕು, ಅಡವಿಡಲು ಜಾಗ ಉಳಿದಿಲ್ಲ. ಅದು ಬೇರೆ ಕಥೆ, ಅದನ್ನು ನಿಮ್ಮ ಮುಂದೆ ಇಡುತ್ತಿಲ್ಲ.

ಸರಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಅನುಮೋದಿತ ಶಾಲೆಗಳ ಹಾರಾಟ ತರಬೇತಿಗೆ ಜಿಎಸ್‌ಟಿ ಇಲ್ಲ ಎಂದು 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದ ರೇಡಿಯೋ ಪರೀಕ್ಷೆಯನ್ನು 2025ರ ಜನವರಿ 1ರಿಂದ ಜಾರಿಯಾದ ಹೊಸ ವಾಯುಯಾನ ಕಾಯಿದೆ ಡಿಜಿಸಿಎಗೆ ತಂದಿತು. ಮುಖ್ಯವಾಗಿ, 2025ರ ಅಕ್ಟೋಬರಿನಿಂದ ತರಬೇತಿ ಶಾಲೆಗಳಿಗೆ ದರ್ಜೆ ಕೊಡುವ ಪಟ್ಟಿ ಶುರುವಾಗಿದೆ. ಮೊದಲ ಪಟ್ಟಿಯಲ್ಲಿದ್ದ 35 ಶಾಲೆಗಳಲ್ಲಿ ಒಂದೇ ಒಂದು ಕೂಡ ಮೇಲಿನ ಎರಡು ದರ್ಜೆಗೆ ಏರಲಿಲ್ಲ. 13 ಶಾಲೆಗಳು ‘ಎ’, 22 ಶಾಲೆಗಳು ‘ಬಿ’. ಆ ಪಟ್ಟಿ ಕಂಡಾಗ ನನಗೆ ಸಮಾಧಾನವಾಯಿತು. ನಾವು ಕಂಡದ್ದು ನಮ್ಮ ಭ್ರಮೆಯಲ್ಲ ಎಂದು ಮೊದಲ ಸಲ ಸರಕಾರಿ ಕಾಗದವೊಂದು ಒಪ್ಪಿಕೊಂಡಿತ್ತು.

ಆದರೆ ಅಂಕ ಹಾಕುವವಳಾಗಿ ನಾನು ಅಂಕ ಹಂಚಿಕೆಯನ್ನೂ ನೋಡುತ್ತೇನೆ. ನೂರರಲ್ಲಿ ಸಾಧನೆಗೆ 40, ಕಾರ್ಯಾಚರಣೆಗೆ 20, ಸುರಕ್ಷತೆಗೆ 20, ನಿಯಮಪಾಲನೆಗೆ 10, ವಿದ್ಯಾರ್ಥಿಗಳ ನೆರವಿಗೆ 10. ಇಷ್ಟೆಲ್ಲ ಅಳೆದು ಪೋಷಕರ ಕೈಗೆ ಕೊನೆಗೆ ಬರುವುದು ಒಂದು ಅಕ್ಷರ. ‘ಬಿ’ ಎಂದರೆ ನನ್ನ ಮಗು ಎಷ್ಟು ತಿಂಗಳು ಕಾಯಬೇಕು? ಆ ಅಕ್ಷರದಿಂದ ಅದು ತಿಳಿಯುವುದಿಲ್ಲ. ಈ ಪಟ್ಟಿ ವರ್ಷಕ್ಕೆ ಎರಡು ಸಲ ಬರುವಂಥದ್ದು, ಮುಂದಿನದು ಏಪ್ರಿಲ್ 1ಕ್ಕೆ. ಅಷ್ಟರೊಳಗೆ ಬಜೆಟ್ ಅಧಿವೇಶನವಿದೆ. ಹಾಗಾಗಿ ಈ ಪತ್ರ ನಿಮಗೆ.

ನೀವಿಬ್ಬರೂ, ಅಥವಾ ಒಬ್ಬರಾದರೂ, ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ. ಪ್ರತಿ ಶಾಲೆಯ ಹೆಸರಿನ ಎದುರು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಬೋಧಕರು ಎಷ್ಟು, ವಿದ್ಯಾರ್ಥಿಗಳು ಎಷ್ಟು, ಹಿಂದಿನ ಎರಡು ವರ್ಷಗಳಲ್ಲಿ ಮುಗಿಸಿದವರು 200 ಗಂಟೆಗೆ ಸರಾಸರಿ ಎಷ್ಟು ತಿಂಗಳು ತೆಗೆದುಕೊಂಡರು ಎಂಬುದನ್ನು ಏಪ್ರಿಲ್ ಪಟ್ಟಿಯಲ್ಲೇ ಏಕೆ ಪ್ರಕಟಿಸಬಾರದು? ಪ್ರತಿ ಹಾರಾಟದ ದಾಖಲೆ ಶಾಲೆಯಲ್ಲಿರುತ್ತದೆ, ವಿದ್ಯಾರ್ಥಿಯ ಗಂಟೆಗಳು ಕೊನೆಗೆ ಡಿಜಿಸಿಎ ಮುಂದೆ ಹೋಗಿಯೇ ಹೋಗುತ್ತವೆ. ಕೂಡಿಸಿ ಭಾಗಿಸುವುದಷ್ಟೇ ಬಾಕಿ. ಇರುವ ವಿಮಾನಗಳಿಗೆ ಮೀರಿ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆ ಹೊಸಬರನ್ನು ಸೇರಿಸದಂತೆ ತಡೆಯುವ ಅಧಿಕಾರವನ್ನು ಬಳಸಬೇಕು ಎಂದೂ ಕೇಳಿ.

ಎರಡನೆಯದು ಹಣದ್ದು. ನಮ್ಮ ಊರಲ್ಲಿ ಮನೆ ಕಟ್ಟಲು ಸಾಲ ಕೇಳಿದರೆ ಬ್ಯಾಂಕಿನವರು ಪೂರ್ತಿ ಹಣವನ್ನು ಒಂದೇ ಸಲ ಕಂಟ್ರಾಕ್ಟರನ ಕೈಗೆ ಕೊಡುವುದಿಲ್ಲ. ಪಂಚಾಂಗ ಎದ್ದ ಮೇಲೆ ಒಂದು ಪಾಲು, ಲಿಂಟಲ್ ಆದ ಮೇಲೆ ಒಂದು ಪಾಲು, ಸ್ಲ್ಯಾಬ್ ಬಿದ್ದ ಮೇಲೆ ಇನ್ನೊಂದು. ಇಂಜಿನಿಯರ್ ಬಂದು ನೋಡಿ ಸಹಿ ಹಾಕಬೇಕು. ಅದೇ ಬ್ಯಾಂಕು ನನ್ನ ಮಗಳು 39 ಗಂಟೆ ಹಾರಿದಾಗ 200 ಗಂಟೆಯ ಹಣವನ್ನು ಕೊಟ್ಟು ಮುಗಿಸಿತ್ತು. ಲಾಗ್ ಬುಕ್ ಇದೆಯಲ್ಲ, ಪ್ರತಿ 25 ಗಂಟೆಗೆ ಒಮ್ಮೆ ಅದನ್ನು ನೋಡಿ ಮುಂದಿನ ಪಾಲು ಬಿಡುಗಡೆ ಮಾಡಲಿ. ಸ್ವಂತ ಹಣ ಕಟ್ಟುವವರಿಗೂ ಅದೇ ಕ್ರಮ ಇರಲಿ. ಹಾರಿಸಿದರೆ ಮಾತ್ರ ಹಣ ಎಂದಾದ ದಿನ ದೋಷವಿದ್ದ ವಿಮಾನಗಳು ಬೇಗ ದುರಸ್ತಿಯಾಗುತ್ತವೆ. ಸಾಲದ ಕಂತು ಪುಸ್ತಿಕೆಯ ತಿಂಗಳಿಂದಲ್ಲ, ಕೊನೆಯ ಹಾರಾಟದ ತಿಂಗಳಿಂದ ಲೆಕ್ಕವಾಗಲಿ. ಶಾಲೆ ಬಿಟ್ಟು ಬೇರೆ ಕಡೆ ಸೇರುವವರಿಗೆ ಹಾರದ ಗಂಟೆಗಳ ಹಣವೂ, ಹಾರಿದ ಗಂಟೆಗಳ ದೃಢೀಕೃತ ದಾಖಲೆಯೂ ಮೂವತ್ತು ದಿನದೊಳಗೆ ಸಿಗಲಿ. ಹಣಕಾಸು ಸಚಿವಾಲಯಕ್ಕೂ ಇದು ಸಂಬಂಧಿಸಿದ್ದು, ಆದ್ದರಿಂದ ಪ್ರಶ್ನೆ ಎರಡೂ ಕಡೆ ಹೋಗಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ವಿದ್ಯಾರ್ಥಿ ದೂರು ಕೊಟ್ಟರೆ ಅವನ ಹೆಸರು ಶಾಲೆಗೆ ತಿಳಿಯದಂತೆ ವಿಚಾರಣೆ ನಡೆಯಬೇಕು. ದೂರಿನ ನಂತರದ ಮೂರು ತಿಂಗಳು ಆ ಶಾಲೆಯ ಎಲ್ಲ ವಿದ್ಯಾರ್ಥಿಗಳ ಹಾರಾಟದ ಪಟ್ಟಿಯನ್ನು ಅಧಿಕಾರಿಗಳು ತರಿಸಿ ನೋಡಬೇಕು. ಯಾರ ಹೆಸರು ಒಮ್ಮೆಗೇ ಮಾಯವಾಯಿತು ಎಂಬುದು ಆಗ ತಾನಾಗಿ ಕಾಣುತ್ತದೆ.

ರಾಜ್ಯದ ಮಾತೂ ಒಂದಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮದೇ ಸರಕಾರಿ ವೈಮಾನಿಕ ತರಬೇತಿ ಶಾಲೆ ಇದೆ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶುರುವಾದದ್ದು. ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲೂ ತರಬೇತಿ ಶಾಲೆಗಳಿಗೆ ಜಾಗ ಕೊಡಲಾಗಿದೆ. ಜಕ್ಕೂರಿನ ಶಾಲೆ ಸಾಕಷ್ಟು ವಿಮಾನ, ಸಾಕಷ್ಟು ಬೋಧಕರೊಂದಿಗೆ ನಡೆದರೆ ಕುಂದಾಪುರದ, ಪುತ್ತೂರಿನ ಮಕ್ಕಳು ಭಾಷೆ ಬಾರದ ಊರಿಗೆ ಹೋಗಿ ಬೆಂಚು ಕಾಯಬೇಕಾಗುವುದಿಲ್ಲ. ರಾಜ್ಯ ಸರಕಾರಕ್ಕೆ ಇದನ್ನು ನೀವು ಹೇಳಿದರೆ ನಾನು ಹೇಳಿದ್ದಕ್ಕಿಂತ ತೂಕ ಹೆಚ್ಚು.

ಲಾಗ್ ಬುಕ್ಕಿನ ಪ್ರತಿ, ಶುಲ್ಕದ ರಸೀದಿಗಳು, ಬ್ಯಾಂಕಿನ ನೋಟಿಸು, ಆ ಪುಸ್ತಿಕೆ, ನಾನು ಬೆಂಚಿನ ಮೇಲೆ ಲೆಕ್ಕ ಹಾಕಿದ ಪ್ರಶ್ನೆಪತ್ರಿಕೆ, ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟಿದ್ದೇನೆ. ಶಾಲೆಯ ಹೆಸರನ್ನು ಅದರೊಳಗೆ ನಿಮಗೆ ಮಾತ್ರ ತಿಳಿಸುತ್ತೇನೆ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ನಿಮ್ಮ ಕಚೇರಿಗೆ ಕರೆದ ದಿನ ರಜೆ ಹಾಕಿ ಬರುತ್ತೇನೆ. ಮಗಳೂ ಬರುತ್ತಾಳೆ. ಈ ಸಲ ನನ್ನ ಕೈ ಹಿಡಿದು ತಡೆಯುವುದಿಲ್ಲ ಎಂದಿದ್ದಾಳೆ.

ಪುಸ್ತಿಕೆ ತಂದ ಆ ತಂದೆ-ತಾಯಿಗೆ ಮಾರ್ಚ್ ಕೊನೆಯವರೆಗೆ ಹಣ ಕಟ್ಟಬೇಡಿ, ಕಾಯಿರಿ ಎಂದಿದ್ದೇನೆ. ನಿಮ್ಮ ಪ್ರಶ್ನೆಗೆ ಸಚಿವರು ಏನು ಉತ್ತರ ಕೊಟ್ಟರು ಎಂಬುದನ್ನು ನೋಡಿ ಅವರಿಗೆ ನನ್ನ ಉತ್ತರ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ಬ್ರಹ್ಮಾವರ, ಉಡುಪಿ ಜಿಲ್ಲೆ